ಗೃಹಸ್ಥರೊಡನೆ ಎರಡು ಮಾತು: ಚೆಂಡು ಹಿಡಿದ ಕೈಗಳು

ಬನಹಟ್ಟಿಯ ನಮ್ಮ ವಾಚಕರೊಬ್ಬರು ಈ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರು ಮಗ್ಗದ ಉದ್ಯೋಗದವರು. ಅವರ ಹದಿನಾಲ್ಕು ವರ್ಷದ ಮಗನಿಗೆ ಕ್ರಿಕೆಟಿನ ಹುಚ್ಚು ಹಿಡಿದಿದೆಯಂತೆ. ಹುಡುಗನು ಶಾಲೆಯಿಂದ ಬಂದವನೇ ಹಿತ್ತಲಿನ ಗೋಡೆಗೆ ಇದ್ದಿಲಿನಿಂದ ಮೂರು ಗೀಟೆಳೆದು, ಕತ್ತಲಾಗುವ ವರೆಗೆ ಅದಕ್ಕೇ ಚೆಂಡನ್ನು ಎಸೆಯುತ್ತಿರುವನಂತೆ. “ಬ್ಯಾಟು ಹಿಡಿದು ನಾಲ್ಕು ಹೊಡೆತ ಹೊಡೆದರಾದರೂ ನೋಡುವವರಿಗೆ ಚೆಂದ, ಈ ಎಸೆಯುವುದರಲ್ಲಿ ಏನಿದೆ? ಈ ಹುಚ್ಚನ್ನು ಬಿಡಿಸುವ ಬಗೆ ಹೇಗೆ?” ಎಂದು ಅವರು ಕೇಳಿರುವರು. ಕಾಗದದ ಕೊನೆಗೆ ಒಂದು ಸಾಲು ಹೆಚ್ಚು ಇದೆ: “ಅಣ್ಣನನ್ನು ನೋಡಿ ಈಗ ತಂಗಿಯೂ ಆರಂಭಿಸಿದ್ದಾಳೆ.”

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡುವುದು ನಮಗೆ ಸರಿತೋರಲಿಲ್ಲ. ಅದರ ಬದಲು ಒಂದು ಹಂಗಾಮಿನ ಕಥೆಯನ್ನು ಹೇಳುವೆವು. ಕಬ್ಬಿನ ಹಂಗಾಮಿನಂತೆ ಆಟಕ್ಕೂ ಒಂದು ಹಂಗಾಮು ಉಂಟು. ಬಿತ್ತಿದವರಾರು, ನೀರು ಹಾಯಿಸಿದವರಾರು ಎಂಬುದು ಕಟಾವಿನ ದಿವಸ ಬಂದವರ ಕಣ್ಣಿಗೆ ಕಾಣುವುದಿಲ್ಲ.

ಜಮಖಂಡಿ, ಮುಧೋಳ ಸೀಮೆಯ ಗೃಹಸ್ಥರಿಗೆ ಗರಡಿಮನೆಯು ಹೊಸದಲ್ಲ. ಕುಸ್ತಿಯಲ್ಲಿ ಒಬ್ಬನ ಎದುರಿಗೆ ಒಬ್ಬನೇ ನಿಲ್ಲುವನು. ಗೆಲುವೂ ಅವನದು, ಮಣ್ಣು ಮುಟ್ಟುವ ಬೆನ್ನೂ ಅವನದು. ಕ್ರಿಕೆಟಿನಲ್ಲಿ ಹಾಗಲ್ಲ. ಅಲ್ಲಿ ಒಬ್ಬ ಬೌಲರನು ಆರು ಚೆಂಡುಗಳನ್ನು ಎಸೆದ ಮೇಲೆ ಅಂಕಣದ ಆಚೆಯ ತುದಿಯಿಂದ ಇನ್ನೊಬ್ಬನು ಎಸೆಯಬೇಕು. ಒಬ್ಬನೇ ಮೇಲಿಂದ ಮೇಲೆ ಎರಡು ಸರದಿ ಎಸೆಯಕೂಡದೆಂಬುದು ನಿಯಮವು. ಆದಕಾರಣ ಎಷ್ಟು ದೊಡ್ಡ ಬೌಲರನೇ ಇರಲಿ, ಆಚೆಯ ತುದಿಗೆ ಅವನಿಗೊಬ್ಬ ಜೊತೆಗಾರನು ಬೇಕೇ ಬೇಕು. ಅಮೇರಿಕದವರ ಬೇಸ್‌ಬಾಲ್ ಆಟದಲ್ಲಿಯೂ ಚೆಂಡೆಸೆಯುವವರ ಮೇಲೆಯೇ ಭಾರವು ಹೆಚ್ಚು. ಅಲ್ಲಿ ಆಟವನ್ನು ಆರಂಭಿಸಿ ಎಸೆದವನಿಗೆ ಸಾಮಾನ್ಯವಾಗಿ ಮುಂದೆ ನಾಲ್ಕೈದು ದಿನ ವಿಶ್ರಾಂತಿ ಕೊಟ್ಟು, ಸರದಿಯ ಮೇಲೆ ಬೇರೆಯವರನ್ನು ಇಳಿಸುವರು. ನಮ್ಮ ಆಟದ ಬೌಲರನಿಗೆ ಅಂಥ ಸುಖವಿಲ್ಲ. ಇಂದು ದಿನವಿಡೀ ಎಸೆದವನು ನಾಳೆ ಮುಂಜಾನೆಯೂ ಎಸೆಯಬೇಕಾಗುವುದು.

ನಾವು ಹೇಳಹೊರಟದ್ದು 1973-74ರ ರಣಜಿ ಹಂಗಾಮು. ರಣಜಿ ಪಂದ್ಯಾವಳಿಯು 1934ರಲ್ಲಿ ಆರಂಭವಾಯಿತು. ಅದರ ಮೊಟ್ಟಮೊದಲಿನ ಆಟವನ್ನು ಮದ್ರಾಸಿನವರೂ ಮೈಸೂರಿನವರೂ ಆಡಿದರು; ಅದು ಒಂದೇ ದಿನದಲ್ಲಿ ಮುಗಿದು ಮೈಸೂರು ಸೋತಿತು. ಮುಂದೆ 1941-42ರಲ್ಲಿಯೂ 1959-60ರಲ್ಲಿಯೂ ಮೈಸೂರು ತಂಡವು ಅಂತಿಮ ಪಂದ್ಯದ ವರೆಗೆ ಹೋಗಿ, ಎರಡು ಸಲವೂ ಮುಂಬಯಿಯ ಕೈಯಲ್ಲಿ ಸೋತು ಬಂದಿತು. 1958-59ರಿಂದ ಮೊದಲ್ಗೊಂಡು 1972-73ರ ವರೆಗೆ ಹದಿನೈದು ವರ್ಷ ಒಂದೇ ಸಮನೆ ಮುಂಬಯಿಯವರೇ ಆ ಪಾತ್ರೆಯನ್ನು ಮನೆಗೆ ಒಯ್ದರು. ಅದು ಅವರ ಮನೆಯ ಸೊತ್ತೇ ಆಯಿತೆಂದು ಜನರು ನಂಬಿದ್ದರು.

ನಮ್ಮ ಸೀಮೆಯವರಿಗೆ ಇದರಲ್ಲಿ ಇನ್ನೊಂದು ಬಗೆಯ ಅಕ್ಕರೆಯಿದೆ. ಜಮಖಂಡಿ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನಾವು ಕನ್ನಡಿಗರೆಲ್ಲರೊಡನೆ ಕೂಡಿ ವಿಶಾಲ ಮೈಸೂರಿಗೆ ಬಂದೆವು. 1973ರ ನವಂಬರ 1ನೆಯ ತಾರೀಖಿಗೆ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅದೇ ಹಂಗಾಮಿನಲ್ಲಿ ನಮ್ಮ ತಂಡವು ಕರ್ನಾಟಕವೆಂಬ ಹೆಸರು ಹೊತ್ತು ಮೊದಲ ಸಲ ರಣಜಿ ಕಣಕ್ಕಿಳಿಯಿತು. ಹಳೆಯ ಮುಂಬಯಿಯ ಎದುರಿಗೆ ಹೊಸ ಹೆಸರಿನ ಕರ್ನಾಟಕವು ನಿಂತಾಗ ಕೃಷ್ಣೆಯ ದಂಡೆಯವರಿಗೆ ಅದು ಬರಿಯ ಆಟವಾಗಿರಲಿಲ್ಲ.

ಆ ತಂಡದ ನಾಯಕರು ಎರಾಪಳ್ಳಿ ಪ್ರಸನ್ನ. ಅವರ ಜೊತೆಗಾರರು ಭಾಗವತ ಚಂದ್ರಶೇಖರ. ಇಬ್ಬರೂ ಸ್ಪಿನ್ ಬೌಲರರು. ಆದರೆ ಒಬ್ಬರು ಇನ್ನೊಬ್ಬರ ಹಾಗಲ್ಲ.

ಪ್ರಸನ್ನರದು ಆಫ್ ಸ್ಪಿನ್. ಎಂದರೆ, ಬಲಗೈ ಆಟಗಾರನ ಹೊರಬದಿಗೆ ನೆಲಕ್ಕೆ ಬಿದ್ದ ಚೆಂಡು ಅವನ ಕಡೆಗೆ ಒಳಕ್ಕೆ ತಿರುಗುವುದು. ಅವರ ನಿಜವಾದ ವಿದ್ಯೆಯು ಚೆಂಡು ನೆಲಕ್ಕೆ ಬೀಳುವ ಮೊದಲೇ ಗಾಳಿಯಲ್ಲಿತ್ತು. ಕೈಗೆ ಸಿಕ್ಕಿತೆಂದು ಆಟಗಾರನು ಮುಂದೆ ಹೆಜ್ಜೆಯಿಟ್ಟರೆ ಅದು ಒಂದು ಗೇಣು ಹಿಂದೆಯೇ ಇಳಿದಿರುವುದು. ಚಂದ್ರಶೇಖರರದು ಲೆಗ್ ಸ್ಪಿನ್ ಮತ್ತು ಗೂಗ್ಲಿ. ಅದೂ ಮಧ್ಯಮ ವೇಗದ ಬೌಲರನಷ್ಟು ಬಿರುಸಿನಿಂದ. ಇವರ ಚೆಂಡು ಎತ್ತ ತಿರುಗುವುದೆಂದು ವಿಚಾರಿಸಲು ಎದುರಿನವನಿಗೆ ಅವಕಾಶವೇ ಇರುತ್ತಿರಲಿಲ್ಲ. ಒಂದು ತುದಿಯಿಂದ ಸಾವಧಾನದ ಮೋಸ, ಇನ್ನೊಂದು ತುದಿಯಿಂದ ಮಿಂಚು. ರಬಕವಿಯ ನೇಕಾರರು ಬಲ್ಲರು: ಹಾಸಿನ ನೂಲೇ ಬೇರೆ, ಹೊಕ್ಕಿನ ನೂಲೇ ಬೇರೆ, ಎರಡೂ ಸೇರಿದಾಗಲೇ ಸೀರೆ.

ಬೆಂಗಳೂರಿನಲ್ಲಿ, ಇಂದು ಚಿನ್ನಸ್ವಾಮಿಯವರ ಹೆಸರಿನಿಂದ ಕರೆಯಲ್ಪಡುವ ಕ್ರೀಡಾಂಗಣದಲ್ಲಿ, ಮುಂಬಯಿಯೊಡನೆ ಸೆಮಿಫೈನಲ್ ನಡೆಯಿತು. ನಮ್ಮವರು ಮೊದಲು ಆಡಿ 385 ರನ್ನು ಮಾಡಿದರು. ಗುಂಡಪ್ಪ ವಿಶ್ವನಾಥರು 162, ಬ್ರಿಜೇಶ ಪಟೇಲರು 106. ಇಂಥ ಆಟಗಳಲ್ಲಿ ಪೂರ್ಣ ನಿರ್ಣಯವಾಗದಿದ್ದರೆ ಮೊದಲ ಸರದಿಯಲ್ಲಿ ಹೆಚ್ಚು ರನ್ನು ಮಾಡಿದವರೇ ಗೆದ್ದಂತೆ. ಮುಂಬಯಿಯವರ ಕಡೆಗೆ ಸುನಿಲ ಗಾವಸಕರ, ಅಜಿತ ವಾಡೇಕರ, ಅಶೋಕ ಮಂಕಡ ಮುಂತಾದವರಿದ್ದರು. 385 ಎಂಬುದು ಅವರಿಗೆ ದೊಡ್ಡ ಬೆಟ್ಟವೇನೂ ಆಗಿರಲಿಲ್ಲ. ಪ್ರಸನ್ನರು ಗಾವಸಕರರ ವಿಕೆಟ್ಟನ್ನು ಉರುಳಿಸಿದರು. ಆದರೂ ವಾಡೇಕರರು ನೆಲೆಯೂರಿ 62 ರನ್ನು ಮಾಡಿದ್ದರು. ಆಗ ಓಡುತ್ತ ತಿರುಗುವಾಗ ಅವರ ಕಾಲು ಜಾರಿತು, ರನೌಟಾದರು. ಮುಂಬಯಿಯ ಆಟವು 307ಕ್ಕೆ ಮುಗಿಯಿತು. ಹದಿನೈದು ವರ್ಷಗಳ ಸಾಮ್ರಾಜ್ಯವು 78 ರನ್ನುಗಳ ಅಂತರದಲ್ಲಿ ಮುರಿದು ಬಿದ್ದಿತು.

ಕಾಲು ಜಾರಿದ್ದರಿಂದಲೇ ಗೆದ್ದಿರೆಂದು ಇಂದಿಗೂ ಕೆಲವರು ಅನ್ನುವರು. ನಾವು ಹಾಗೆ ಒಪ್ಪುವುದಿಲ್ಲ. ಎರಡೂ ತುದಿಗಳಿಂದ ತಾಸುಗಟ್ಟಲೆ ಕಟ್ಟಿಹಾಕಿದ ಮೇಲೆ ಎಂಥವನಾದರೂ ಒಂದು ರನ್ನಿಗಾಗಿ ಅವಸರಪಡುವನು. ಅವಸರಪಟ್ಟವನ ಕಾಲೇ ಜಾರುವುದು. ದೈವವು ಕೊಟ್ಟದ್ದು ಅರ್ಧವಾದರೆ, ಬೌಲರರು ದುಡಿದದ್ದು ಅರ್ಧ.

ಅಂತಿಮ ಪಂದ್ಯವು 1974ರ ಮಾರ್ಚಿನಲ್ಲಿ ಜಯಪುರದಲ್ಲಿ ರಾಜಸ್ಥಾನದೊಡನೆ ನಡೆಯಿತು. ಅದನ್ನು ಬೇಗ ಹೇಳಿ ಮುಗಿಸಬಹುದು. ಕರ್ನಾಟಕವು 276 ಮತ್ತು 282. ರಾಜಸ್ಥಾನವು 177 ಮತ್ತು 196. ನಮ್ಮವರು 185 ರನ್ನುಗಳಿಂದ ಗೆದ್ದು ಮೊದಲನೆಯ ಸಲ ರಣಜಿ ಪಾತ್ರೆಯನ್ನು ಕನ್ನಡ ನಾಡಿಗೆ ತಂದರು. ಎದುರಾಳಿಗಳನ್ನು ಎರಡೂ ಸರದಿ ಇನ್ನೂರರ ಒಳಗೆ ಹಿಡಿದಿಟ್ಟದ್ದೇ ಆ ಗೆಲುವಿನ ಗುಟ್ಟು. ಅಲ್ಲಿಂದ 2015ರ ವರೆಗೆ ಕರ್ನಾಟಕವು ಒಟ್ಟು ಎಂಟು ಸಲ ಆ ಪಾತ್ರೆಯನ್ನು ಗೆದ್ದಿದೆ.

ಈಗ ಬನಹಟ್ಟಿಯ ವಾಚಕರು ಕೇಳಬಹುದು: “ಇದೆಲ್ಲ ಸರಿ, ನನ್ನ ಮನೆಗೂ ಇದಕ್ಕೂ ಏನು ಸಂಬಂಧ?” ಸಂಬಂಧವು ಇಲ್ಲಿಯೇ ಇದೆ.

ಪ್ರಸನ್ನರು 1962ರಲ್ಲಿ ಮೊದಲನೆಯ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಜಿಗೆ ಹೋಗಿ ಬಂದರು. ಬಂದವರು ಇಂಜಿನಿಯರಿಂಗ್ ಓದನ್ನು ಪೂರ್ಣಗೊಳಿಸಬೇಕೆಂದು ದೊಡ್ಡ ಆಟವನ್ನು ಬದಿಗಿರಿಸಿದರು. ಮರಳಿ ಟೆಸ್ಟ್ ಆಡಿದ್ದು 1967ರಲ್ಲಿ. ಹರೆಯದ ಐದು ವರ್ಷಗಳು! ಅವು ಹಾಳಾದುವೆಂದು ಯಾರಾದರೂ ಅಂದಾರು. ಆದರೆ ಹಾಗೆ ಮರಳಿ ಬಂದವರು ಇಪ್ಪತ್ತನೆಯ ಟೆಸ್ಟಿನಲ್ಲಿಯೇ ನೂರು ವಿಕೆಟ್ ಪೂರೈಸಿದರು. ಒಟ್ಟು 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದರು. ಅವರ ತರುವಾಯದ ಜಾವಗಲ ಶ್ರೀನಾಥರೂ ಅನಿಲ ಕುಂಬ್ಳೆಯವರೂ ಇಂಜಿನಿಯರಿಂಗ್ ಪದವೀಧರರೇ. ಆಟವಾಡಿದರೆ ಓದು ಕೆಡುವುದೆಂಬ ಮಾತಿಗೆ ಕರ್ನಾಟಕದ ಬೌಲರರೇ ಉತ್ತರ ಕೊಟ್ಟಿರುವರು. 1999ರ ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ತಾವೊಬ್ಬರೇ ಪಡೆದರಷ್ಟೆ. ಒಂಬತ್ತು ಆದ ಮೇಲೆ ಆಚೆಯ ತುದಿಯಿಂದ ಎಸೆಯುತ್ತಿದ್ದವರು ಶ್ರೀನಾಥರು. ಗೆಳೆಯನ ಹತ್ತನೆಯದು ತಪ್ಪದಿರಲೆಂದು ಅವರು ಬೇಕೆಂದೇ ವಿಕೆಟ್ಟಿನಿಂದ ದೂರ ದೂರ ಎಸೆದರು. ದಾಖಲೆಯ ಪುಸ್ತಕದಲ್ಲಿ ಆ ಸರದಿಗೆ ಶ್ರೀನಾಥರ ಹೆಸರಿನ ಮುಂದೆ ಒಂದು ವಿಕೆಟ್ಟೂ ಇಲ್ಲ. ಮನೆಯಲ್ಲಿ ಅಣ್ಣ ತಮ್ಮಂದಿರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಕಾಣೆವು.

ಚಂದ್ರಶೇಖರರ ಕಥೆಯು ತಾಯಂದಿರಿಗಾಗಿ. ಐದಾರು ವರ್ಷದ ಕೂಸಿದ್ದಾಗ ಅವರಿಗೆ ಪೋಲಿಯೋ ತಗುಲಿ ಬಲಗೈಯು ಸೊರಗಿತು. ಚೆಂಡನ್ನು ದೂರದಿಂದ ಮರಳಿ ಎಸೆಯುವಾಗ ಎಡಗೈಯನ್ನೇ ಬಳಸುತ್ತಿದ್ದರು. ಬೌಲಿಂಗ್ ಮಾತ್ರ ಆ ಸೊರಗಿದ ಬಲಗೈಯಿಂದಲೇ. ಆ ಕೈಯೇ 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲಿನಲ್ಲಿ 38 ರನ್ನಿಗೆ ಆರು ವಿಕೆಟ್ ಕಿತ್ತು, ಇಂಗ್ಲಂಡದ ನೆಲದ ಮೇಲೆ ಭಾರತಕ್ಕೆ ಮೊದಲನೆಯ ಟೆಸ್ಟ್ ವಿಜಯವನ್ನು ತಂದಿತು. ಅವರು 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರು. ಬ್ಯಾಟಿನಿಂದ ಮಾಡಿದ ರನ್ನುಗಳು 167 ಮಾತ್ರ. ಎಲ್ಲ ಕೆಲಸವೂ ಎಲ್ಲರಿಗೂ ಬರಬೇಕೆಂದಿಲ್ಲ. ಮಗುವಿನ ಯಾವ ಅಂಗವನ್ನು ನಾವು ಕೊರತೆಯೆಂದು ಎಣಿಸಿ ಕೊರಗುವೆವೋ, ಅದರಲ್ಲಿಯೇ ದೇವರು ಏನನ್ನು ಬಚ್ಚಿಟ್ಟಿರುವನೆಂದು ಹೇಳಬಲ್ಲವರಾರು?

“ಅವರೆಲ್ಲ ಬೆಂಗಳೂರು, ಮೈಸೂರಿನವರು, ನಮ್ಮದು ಮೂಲೆಯ ಸೀಮೆ” ಎಂಬ ಮಾತು ಇನ್ನು ಬರುವುದು. ಅದರಲ್ಲಿ ಸತ್ಯವಿಲ್ಲದಿಲ್ಲ, ದೂರದ ಊರಿನ ಹುಡುಗರಿಗೆ ಸಮನಾದ ಅಂಕಣವೂ ತಿಳಿದ ಗುರುವೂ ಸಿಕ್ಕುವುದು ಇಂದಿಗೂ ಸುಲಭವಲ್ಲ. ಆದರೂ ನಮ್ಮ ನೆರೆಯ ಜತ್ತದ ದೊರೆಗಳು 1930ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ಪ್ರಸಿದ್ಧ ಬೌಲರ ಕ್ಲ್ಯಾರಿ ಗ್ರಿಮೆಟ್ಟರನ್ನು ಕರೆಯಿಸಿ ತರುಣ ವಿಜಯ ಹಜಾರೆಯವರಿಗೆ ಪಾಠ ಹೇಳಿಸಿದ್ದರು. ಮುಂದೆ 1952ರಲ್ಲಿ ಭಾರತವು ಮೊದಲನೆಯ ಟೆಸ್ಟ್ ಗೆದ್ದಾಗ ನಾಯಕರಾಗಿದ್ದವರು ಅದೇ ಹಜಾರೆಯವರು. ಗದಗಿನ ಸುನಿಲ ಜೋಶಿಯವರಿಗೆ ದೊರೆಗಳಾರೂ ಇರಲಿಲ್ಲ. ಅವರು ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಅವರು 1995-96ರ ರಣಜಿ ಹಂಗಾಮಿನಲ್ಲಿ 529 ರನ್ನು ಮಾಡಿ 52 ವಿಕೆಟ್ ಪಡೆದರು; ಆ ವರ್ಷ ಪಾತ್ರೆಯು ಕರ್ನಾಟಕಕ್ಕೆ ಬಂದಿತು. ನಸುಕಿನಲ್ಲಿ ಆ ಹುಡುಗನನ್ನು ಬಾಗಿಲ ವರೆಗೆ ಕಳಿಸಿದ ಮನೆಯವರ ಪಾಲು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿಲ್ಲ.

ಕೊನೆಗೆ ಆ ತಂಗಿಯ ಮಾತು. ಜಮಖಂಡಿಯು ಬಹುಕಾಲ ಯಾವ ಜಿಲ್ಲೆಗೆ ಸೇರಿತ್ತೋ ಆ ವಿಜಾಪುರದಲ್ಲಿಯೇ ಹುಟ್ಟಿದವರು ರಾಜೇಶ್ವರಿ ಗಾಯಕವಾಡ. ಎಡಗೈ ಸ್ಪಿನ್ ಬೌಲರರು. 2017ರ ಜುಲೈ ತಿಂಗಳಲ್ಲಿ ಇಂಗ್ಲಂಡದ ಡರ್ಬಿಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಆಟದಲ್ಲಿ ಅವರು 15 ರನ್ನು ಕೊಟ್ಟು ಐದು ವಿಕೆಟ್ ಪಡೆದರು. ನ್ಯೂಜಿಲಂಡ್ 79ಕ್ಕೆ ಮುಗಿಯಿತು. ಭಾರತವು ಸೆಮಿಫೈನಲ್ಲಿಗೆ ಹೋಯಿತು. ಮರಳಿ ಬಂದ ಅವರಿಗೆ ಕಾರನ್ನು ಬಹುಮಾನವಾಗಿ ಕೊಡಹೋದಾಗ, ತಮಗೆ ಕಾರು ಬೇಡ, ಮನೆಯವರೆಲ್ಲ ಇರಲು ಒಂದು ಮನೆ ಬೇಕಾಗಿದೆ ಎಂದು ಅವರು ಅಂದುದು ಆಗಿನ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಚೆಂಡು ಹಿಡಿದ ಹೆಣ್ಣುಮಗಳು ಮನೆಯನ್ನು ಮರೆಯುವಳೆಂದು ಅಂಜುವ ತಂದೆಗಳು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಆದಕಾರಣ ಬನಹಟ್ಟಿಯ ಗೃಹಸ್ಥರಿಗೆ ನಮ್ಮ ಬಿನ್ನಹವಿಷ್ಟೇ. ಎಸೆಯುವುದರಲ್ಲಿ ಏನಿದೆಯೆಂದು ತಾವು ಕೇಳಿದಿರಿ. ತಮ್ಮ ಮಗ್ಗದಲ್ಲಿ ಲಾಳಿಯು ದಿನಕ್ಕೆ ಎಷ್ಟು ಸಹಸ್ರ ಸಲ ಅತ್ತಿಂದಿತ್ತ ಓಡುವುದೆಂದು ತಾವೇ ಬಲ್ಲಿರಿ. ಒಂದು ಓಟದಲ್ಲಿ ಏನೂ ಕಾಣದು, ಸಂಜೆಗೆ ಬಟ್ಟೆ ಕಾಣುವುದು. ಬೌಲರನ ಕೆಲಸವೂ ಅದೇ. ಹುಡುಗನು ದೊಡ್ಡ ಆಟಗಾರನಾಗುವನೆಂಬ ಭರವಸೆಯನ್ನು ಯಾರೂ ಕೊಡಲಾರರು. ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಆಗಲಾರರು. ಓದಿನ ಮಾತನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿರಿ, ಸಂಜೆಯ ಒಂದು ತಾಸನ್ನು ಬಿಟ್ಟುಕೊಡಿರಿ. ಗೋಡೆಯ ಮೇಲಿನ ಇದ್ದಿಲ ಗೀಟುಗಳನ್ನು ಅಳಿಸಬೇಡಿರಿ. ಬರುವ ದೀಪಾವಳಿಗೆ ಹೇಗೂ ಸುಣ್ಣ ಹಚ್ಚುವಿರಲ್ಲ.

ಮತ್ತು ಚೆಂಡು ಒಂದೇ ಇದ್ದರೆ ಅಣ್ಣನೂ ತಂಗಿಯೂ ಆರಾರು ಎಸೆತಕ್ಕೆ ಸರದಿ ಬದಲಿಸಲಿ. ಆಟದ ನಿಯಮವೂ ಅದೇ ಆಗಿರುವುದು.