ಗೆದ್ದಾಗ ಜೈ, ಸೋತಾಗ ಬೈ – ಇದು ನ್ಯಾಯವೇ?



ಅಮೆರಿಕದವರ ಫುಟ್‌ಬಾಲ್ ಬೇರೆ ತರಹ. ಮೊಟ್ಟೆಯಂಥ ಚೆಂಡನ್ನು ಕೈಯಲ್ಲಿ ಹಿಡ್ಕೊಂಡು ಓಡ್ತಾರೆ, ಎಸೀತಾರೆ. ಒಂದು ಕಡೆಗೆ 11 ಜನ. ಚೆಂಡು ಎಸೆದು ಆಟ ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಅಂತ ಹೆಸರು.

ಅಲ್ಲಿನ ಡೆನ್ವರ್ ಬ್ರಾಂಕೋಸ್ ತಂಡ 1998ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. 1999ರ ಜನವರಿಯಲ್ಲಿ ಅಟ್ಲಾಂಟಾ ತಂಡವನ್ನು 34–19ರಿಂದ ಸೋಲಿಸಿ ಮತ್ತೆ ಗೆದ್ದಿತು. ಆಮೇಲೆ 16 ವರ್ಷ ಆಡಿದ್ದ ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇ ನಿವೃತ್ತರಾದರು. ಅವರ ಜಾಗಕ್ಕೆ 24 ವರ್ಷದ ಬ್ರಯನ್ ಗ್ರೀಸಿ ಬಂದರು. ಮೊದಲ ನಾಲ್ಕು ಪಂದ್ಯವೂ ಸೋಲು! ಹಿಂದಿನ ವರ್ಷ ಚೆಂಡು ಹಿಡಿದು 2,008 ಗಜ ಓಡಿದ್ದ ಟೆರೆಲ್ ಡೇವಿಸ್, ನಾಲ್ಕನೇ ಪಂದ್ಯದಲ್ಲೇ ಮಂಡಿಗೆ ಪೆಟ್ಟು ಮಾಡಿಕೊಂಡು ಹೊರಗೆ ಕೂತರು. ಹಿಂದಿನ ವರ್ಷ 16ರಲ್ಲಿ 14 ಪಂದ್ಯ ಗೆದ್ದಿದ್ದ ತಂಡ ಈ ಸಲ ಗೆದ್ದಿದ್ದು ಬರೀ 6.

ಇಂಥ ಹೊತ್ತಲ್ಲಿ ಹೊಸಬನ ಮೇಲೆ ತಪ್ಪು ಹೊರಿಸೋದು ಸುಲಭ. ಆದರೆ ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯ ಎರಡು ಕಂಬ ಒಟ್ಟಿಗೇ ಹೋದರೆ ಮೂರನೆಯದನ್ನು ಬೈದು ಏನು ಪ್ರಯೋಜನ? 16 ವರ್ಷ ಆಡಿದವರಿಗೂ ಮೊದಲ ವರ್ಷದವನಿಗೂ ಹೋಲಿಕೆ ಮಾಡಬಹುದಾ?

ಗೆದ್ದವರೇ ಯಾವಾಗಲೂ ಗೆಲ್ಲಬೇಕು ಅಂತ ಕೆಲವರು ಹೇಳಬಹುದು. ಅವರು ಮುಂದಿನ ವರ್ಷ ನೋಡಲಿ. ಕೋಚ್ ಮೈಕ್ ಶನಹಾನ್ ಅವರೇ, ಗ್ರೀಸಿಯೂ ತಂಡದಲ್ಲೇ. 2000ದಲ್ಲಿ ಅದೇ ತಂಡ 11 ಪಂದ್ಯ ಗೆದ್ದಿತು. ಸೋತ ಕೂಡಲೇ ಅವರನ್ನು ಓಡಿಸಿದ್ದರೆ?

ಆದ್ದರಿಂದ ಸ್ನೇಹಿತರೇ, ಚಪ್ಪಾಳೆ ಗೆದ್ದವರಿಗೆ ಹೊಡೆಯೋಣ. ಸೋತವರಿಗೆ ಇನ್ನೊಂದು ವರ್ಷ ಕೊಡೋಣ.

– 7ನೇ ತರಗತಿ ವಿದ್ಯಾರ್ಥಿ