ಘಾಟಿಯಿಳಿಯುವ ಗೃಹಸ್ಥರಿಗೆ

ಕಳೆದ ತಿಂಗಳು ನಾವು ಅಳಿಯಂದಿರ ಹೈಬ್ರಿಡ್ ಕಾರಿನಲ್ಲಿ ಆಗುಂಬೆಯ ಘಾಟಿಯನ್ನಿಳಿಯುತ್ತಿದ್ದೆವು. 14 ತಿರುವುಗಳಲ್ಲಿ ಅರ್ಧ ಕಳೆಯುವಷ್ಟರಲ್ಲಿ ಬ್ರೇಕು ಕಾದು ಸುಟ್ಟ ವಾಸನೆ ಹೊರಟಿತು. ಹಿಂದೆ ಮೊಮ್ಮಕ್ಕಳು ಕುಳಿತಿದ್ದರು. ಇಂಥ ಕಾರು ಇಳಿಯುವ ವೇಗವನ್ನೇ ವಿದ್ಯುತ್ತಾಗಿ ಮಾರ್ಪಡಿಸಿ ಬ್ಯಾಟರಿಯಲ್ಲಿ ಕೂಡಿಡುವುದಷ್ಟೆ. ಆ ಬ್ಯಾಟರಿಯಾದರೋ ಚಿಕ್ಕದು. ಉದ್ದದ ಇಳಿಜಾರಿನಲ್ಲಿ ಬೇಗನೆ ತುಂಬುವುದು. ತುಂಬಿದ ಕೊಡದಲ್ಲಿ ಇನ್ನು ನೀರು ಹಿಡಿಯದು; ಭಾರವೆಲ್ಲವೂ ಬ್ರೇಕಿನ ಮೇಲೆ ಬೀಳುವುದು. ಅಳಿಯಂದಿರು ಕಾರನ್ನು ನಿಲ್ಲಿಸಿ, ಬ್ರೇಕು ತಣಿದ ಬಳಿಕ ಗೇರಿನ ಹಿಡಿಯನ್ನು ‘ಬಿ’ ಸ್ಥಾನಕ್ಕೆ ತಂದರು. ಎಂಜಿನು ಇಂಧನವನ್ನು ಸೇವಿಸದೆ, ಚಕ್ರಗಳ ಬಲದಿಂದಲೇ ತಿರುಗುತ್ತ ವೇಗವನ್ನು ತಡೆಯಿತು. ಬಯಲುದಾರಿಯಲ್ಲಿ ಈ ಕ್ರಮ ಸಲ್ಲದು. ಬ್ಯಾಟರಿಗೆ ಸೇರಬೇಕಾದ ಶಕ್ತಿ ವ್ಯರ್ಥವಾದೀತು. ಘಾಟಿಯಲ್ಲಾದರೋ ವಾಸನೆ ಬರುವ ತನಕ ಕಾಯದೆ, ಮೊದಲನೆಯ ತಿರುವಿಗೆ ಮುನ್ನವೇ ಇದನ್ನು ಅನುಸರಿಸತಕ್ಕದ್ದು.