ಆರೈಕೆ ಮಾಡುವವಳಿಗೂ ನಿದ್ದೆ ಬೇಕು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಅನೇಕ ಮನೆಗಳಲ್ಲಿ ಇಂದು ವೃದ್ಧ ತಂದೆತಾಯಿಯರಷ್ಟೇ ಉಳಿದಿದ್ದಾರೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದಾರೆ. ಭಟ್ಕಳದ ಪೇಟೆಯಾಗಲಿ, ಕಾಗಾಲದಂತಹ ಹಳ್ಳಿಯಾಗಲಿ, ಸ್ಥಿತಿ ಹೆಚ್ಚು ಭಿನ್ನವಾಗಿಲ್ಲ. ತಿಂಗಳು ತಿಂಗಳು ಹಣವೇನೋ ಬರುತ್ತದೆ. ಆದರೆ ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಲು ಹಣಕ್ಕೆ ಕೈಗಳಿಲ್ಲ. ಆ ಕೆಲಸ ಹೋಮ್ ನರ್ಸ್‌ನದು, ವೃದ್ಧಾಶ್ರಮವಾದರೆ ಅಲ್ಲಿನ ಆಯಾಳದು.

ವೃದ್ಧಾಶ್ರಮ ಬೇಕೇ ಬೇಡವೇ ಎಂದು ನಾವು ಬಹಳಷ್ಟು ಚರ್ಚಿಸಿದ್ದೇವೆ. ಆದರೆ ವೃದ್ಧರನ್ನು ನೋಡಿಕೊಳ್ಳುವವರ ಬಗ್ಗೆ ಎಷ್ಟು ಚರ್ಚಿಸಿದ್ದೇವೆ?

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಜಿಲ್ಲೆಗೊಂದಾದರೂ ವೃದ್ಧಾಶ್ರಮವಿರಬೇಕು, ಅದರಲ್ಲಿ ಕನಿಷ್ಠ 150 ನಿರ್ಗತಿಕರಿಗೆ ಸ್ಥಳವಿರಬೇಕು ಎಂಬ ಆಶಯವನ್ನು ಮುಂದಿಟ್ಟಿತು. ಸೇವೆಯ ಗುಣಮಟ್ಟವನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿತು. ಆರೈಕೆ ಕೇಂದ್ರಗಳನ್ನೂ ಮನೆಗೆ ಪರಿಚಾರಕರನ್ನು ಕಳುಹಿಸುವ ಸಂಸ್ಥೆಗಳನ್ನೂ ನೋಂದಣಿಗೆ ಒಳಪಡಿಸುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತಾದರೂ ಅಂಗೀಕಾರವಾಗದೆ 2024ರಲ್ಲಿ ಆ ಸದನದೊಂದಿಗೇ ಬಿದ್ದುಹೋಯಿತು.

ಸರಳ ಲೆಕ್ಕವೊಂದನ್ನು ಗಮನಿಸಿರಿ. ವಾರಕ್ಕೆ 168 ಗಂಟೆಗಳು. ಕಾರ್ಮಿಕ ಕಾನೂನಿನ ಸಾಮಾನ್ಯ ಮಿತಿ ವಾರಕ್ಕೆ 48 ಗಂಟೆ. ಅಂದರೆ ಹಗಲಿರುಳು ಒಬ್ಬರು ಹಾಜರಿರಬೇಕಾದರೆ ಮೂರೂವರೆ ಮಂದಿಯ ದುಡಿಮೆ ಬೇಕು. ನಾವಾದರೋ ಅಷ್ಟನ್ನೂ ಒಬ್ಬಳ ಹೆಗಲಿಗೆ ಹೊರಿಸುತ್ತೇವೆ. ರಾತ್ರಿ ಮೂರು ಸಲ ಎದ್ದವಳು ಬೆಳಿಗ್ಗೆ ಔಷಧ ತಪ್ಪಿಸಿದರೆ ಆಕೆಯನ್ನು ಬೇಜವಾಬ್ದಾರಳೆನ್ನುತ್ತೇವೆ. ಆಕೆ ಕೆಲಸ ಬಿಟ್ಟರೆ ಕೃತಘ್ನಳೆನ್ನುತ್ತೇವೆ. ಆದರೆ ಪರಿಚಾರಕಿ ಪದೇ ಪದೇ ಬದಲಾದಾಗ ನಿಜವಾಗಿ ನಷ್ಟ ಯಾರಿಗೆ? ತನ್ನ ನೋವು ಎಲ್ಲಿದೆ, ಊಟ ಎಷ್ಟು ಮೆತ್ತಗಿರಬೇಕು ಎಂಬುದನ್ನು ಪ್ರತಿ ಬಾರಿಯೂ ಹೊಸಬರಿಗೆ ತಿಳಿಸಬೇಕಾದ, ಮಾತು ತೊದಲುವ ಮುದುಕಿಗೆ.

ನಾಲ್ವರನ್ನು ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ ಎಂಬುದು ನಿಜ. ಆದರೆ ಕೇರಿಯ ಐದಾರು ಮನೆಗಳು ಸೇರಿ ಒಬ್ಬ ಬದಲಿ ಪರಿಚಾರಕಿಯನ್ನು ನೇಮಿಸಿಕೊಂಡರೆ ಪ್ರತಿಯೊಬ್ಬಳಿಗೂ ವಾರಕ್ಕೊಂದು ರಜೆ ಸಿಗುತ್ತದೆ. ರಾತ್ರಿಯ ಸರದಿಯನ್ನು ಮನೆಯವರೂ ಹಂಚಿಕೊಳ್ಳಬಹುದು. ವೇತನ, ಕೆಲಸದ ವೇಳೆ, ರಜೆಗಳನ್ನು ಕಾಗದದಲ್ಲಿ ಬರೆದುಕೊಡಲು ಖರ್ಚೇನೂ ಇಲ್ಲ. ಮನೆಗೆಲಸವನ್ನು ಕರ್ನಾಟಕವು 2004ರಲ್ಲೇ ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತ್ತೆಂಬುದು ನಮ್ಮ ನೆನಪಿನಲ್ಲಿರಲಿ.

1912ರಲ್ಲಿ ತಂಝೀಮ್, 1919ರಲ್ಲಿ ಅಂಜುಮನ್‌ನಂತಹ ಸಂಸ್ಥೆಗಳನ್ನು ಕಟ್ಟಿದ ಭಟ್ಕಳಕ್ಕೆ ಆರೈಕೆಯ ತರಬೇತಿಗೊಂದು ವ್ಯವಸ್ಥೆ ಮಾಡುವುದು ಕಷ್ಟವಲ್ಲ. ಮಗ್ಗುಲು ಹುಣ್ಣಾಗದಂತೆ ನೋಡಿಕೊಳ್ಳುವುದು, ಬೀಳದಂತೆ ಎಬ್ಬಿಸುವುದು, ತುರ್ತಿನ ಲಕ್ಷಣ ಗುರುತಿಸುವುದು ಕಲಿತು ಬರುವ ವಿದ್ಯೆಗಳು. ಅವನ್ನು ಕಲಿತವಳು ಆಳಲ್ಲ, ವೃತ್ತಿವಂತೆ.

ಹೆತ್ತವರ ಸೇವೆಯ ಮಹತ್ವವನ್ನು ಮಿಂಬರುಗಳಿಂದ ಆಲಿಸುವ ನಾವು, ದುಡಿದವರ ಕೂಲಿಯನ್ನು ತಡೆಯಬಾರದೆಂಬ ಪ್ರವಾದಿ(ಸ)ರ ಬೋಧನೆಯನ್ನೂ ಅದರೊಂದಿಗೇ ಆಲಿಸಬೇಕು. ತಾಯಿಯ ಸೇವೆಯ ಹೊಣೆಯನ್ನು ಇನ್ನೊಬ್ಬರ ಮಗಳಿಗೆ ಒಪ್ಪಿಸಿದ ಮೇಲೆ, ಆ ಮಗಳ ವಿಶ್ರಾಂತಿಯ ಹೊಣೆ ನಮ್ಮದಾಗುತ್ತದೆ.